ಭವ್ಯಳ ಪರೀಕ್ಷೆಯ ದಿನ

"ಭವ್ಯ ಎಲ್ಲಿ? ಇವತ್ತು ಅವಳ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ!"

ಬಾಗಿಲು ತೆರೆದ ಗಿರೀಶನ ಮುಖ ನೋಡದೆಯೇ ಕೇಳಿಬಿಟ್ಟಳು ಮಂಗಳಗೌರಿ. ನೋಡಿದರೆ ಎಲ್ಲಿ ಅತ್ತುಬಿಡುತ್ತೇನೋ ಎಂಬ ಭಯ...

ವರ್ಷಗಳ ಹಿಂದೆ, ಡಿಗ್ರಿಯ ಕೊನೆಯ ವರ್ಷದಲ್ಲಿ, ಪ್ರೀತಿಸಿದ ತನಗೆ ಒಂದು ಮಾತೂ ಹೇಳದೆ ಕಾಲೇಜು ಬಿಟ್ಟು ಹೋದವನು ಇವನು. ತೆರಕಣಾಂಬಿಯ ಈ ಮನೆಯ ಬಾಗಿಲಿಗೆ ಎಂದೂ ಬರಬಾರದು ಎಂದುಕೊಂಡಿದ್ದಳು. ಆದರೆ ಚಾಮರಾಜನಗರದ ಪರೀಕ್ಷಾ ಕೇಂದ್ರದಲ್ಲಿ ಪರೀಕ್ಷೆ ಶುರುವಾಗುವ ಹೊತ್ತು ಹತ್ತಿರವಾಗಿತ್ತು. ಅವನ ತಂಗಿ ಭವ್ಯಳ ಫೋನ್ ಸ್ವಿಚ್ ಆಫ್!

"ನನ್ ತಂಗಿ ಬರಾಕಿಲ್ಲ ಮೇಡಂ. ಓಗಿ."

ಮೇಡಂ! ಆ ಒಂದು ಮಾತು ಎದೆಗೆ ನಾಟಿತು. ಗುಂಡ್ಲುಪೇಟೆಯ ಕಾಲೇಜಿನ ಲ್ಯಾಬಿನಲ್ಲಿ ಅವಳು ಗಾಜಿನ ಪಿಪೆಟ್ ಒಡೆದಾಗ, 'ನಾನೇ ಒಡ್ದಿದ್ದು ಸಾರ್' ಎಂದು ಅವಳ ಬದಲು ಬೈಸಿಕೊಂಡವನು ಇವನೇನಾ?

ಅದೇ ಕಾಲೇಜಿನಲ್ಲಿ ಕೆಮಿಸ್ಟ್ರಿ ಅರ್ಥವಾಗದೆ ಅಳುತ್ತಿದ್ದ ಅವಳನ್ನು ಸಂಜೆ ಕೂರಿಸಿಕೊಂಡು ಕಲಿಸಿದವರು ಮಹದೇವಯ್ಯ ಸರ್. ಅವರು ತೀರಿಕೊಂಡ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ವಿಷಯ ಕೇಳಿದ ಗೌರಿ, ಬ್ಯಾಂಕಿನ ಕೆಲಸಕ್ಕೆ ಹೋಗುವ ಮುಂಚೆ ದಿನಾ ಬೆಳಿಗ್ಗೆ ಅಲ್ಲಿ ಪಾಠ ಮಾಡತೊಡಗಿದ್ದಳು. ಸರ್ ನನಗೆ ಕೊಟ್ಟಿದ್ದನ್ನು ಈ ಮಕ್ಕಳಿಗಲ್ಲದೆ ಇನ್ಯಾರಿಗೆ ಕೊಡಲಿ?

ಆ ಮಕ್ಕಳಲ್ಲಿ ಎಲ್ಲರಿಗಿಂತ ಚುರುಕು ಭವ್ಯ. ಒಳಗಿನಿಂದ ಅವಳು ಬಿಕ್ಕುವ ದನಿ ಕೇಳುತ್ತಿತ್ತು.

ಜಗಲಿಯಲ್ಲಿ ಕುಳಿತಿದ್ದ ತಂದೆ ಬೆಟ್ಟಯ್ಯ ತಲೆ ಎತ್ತಲಿಲ್ಲ. "ಇವ್ನು ಯಾರ್ ಮಾತೂ ಕೇಳಾಕಿಲ್ಲ ಕಣವ್ವ..."

"ಗಿರೀಶ, ಕೈ ಮುಗೀತೀನಿ! ನನ್ನ ಮೇಲೆ ಏನೇ ಸಿಟ್ಟಿದ್ರೂ ಅವಳ ಮೇಲೆ ತೀರಿಸ್ಕೋಬೇಡ!"

"ಸಿಟ್ಟಲ್ಲ, ಭಯ! ಅವ್ಳೂ ಕ್ಲಾಸಿನ ಹುಡುಗನ್ನ ಇಷ್ಟಪಟ್ಟವ್ಳೆ. ದೊಡ್ಡ ಜಾತಿಯವ್ನು. ನಂಗಾದ ಅವಮಾನ ಅವ್ಳಿಗೂ ಆಗ್ಬೇಕಾ?"

"ಯಾವ ಅವಮಾನ?"

ಗಿರೀಶ ಕಹಿಯಾಗಿ ನಕ್ಕ. "ನಿನ್ ಸೋದರಮಾವ ಪುಟ್ಟಮಲ್ಲಪ್ಪನ ಕೈಲಿ ನೀನೇ ಹೇಳಿ ಕಳಿಸ್ದಲ್ಲ! ಕಾಲೇಜ್ ಹಿಂದ್ಗಡೆ ಕರ್ಕೊಂಡೋಗಿ ಅಂದ್ರು... 'ನಿನ್ ಮೊಕ ಕಂಡ್ರೆ ನಮ್ ಹುಡುಗಿಗೆ ಅಸಹ್ಯ ಆಯ್ತದಂತೆ' ಅಂತ."

ಗೌರಿ ತಲೆ ಎತ್ತಿ ಮೊದಲ ಸಲ ಅವನ ಮುಖ ನೋಡಿದಳು.

"ನಾನಾ?! ನಿನಗೆ ಬೇರೆ ಹುಡುಗಿ ಜೊತೆ ಮದುವೆ ನಿಶ್ಚಯ ಆಗಿದೆ ಅಂತ ಮಾವ ನನಗೆ ಹೇಳಿದ್ರು ಗಿರೀಶ! ಊಟ ಬಿಟ್ಟು ನಿನ್ನ ಫೋನ್‌ಗೆ ಕಾದಿದ್ದೀನಿ ನಾನು... ಒಂದೇ ಒಂದು ಸಲ ನನ್ನನ್ನ ಕೇಳಬಾರದಿತ್ತಾ?"

ಅವನ ಮುಖ ಬಿಳಿಚಿತು. ಒಳಗೆ ತಿರುಗಿ ಕೂಗಿದ.

"ಭವ್ಯಾ! ಬೇಗ ಒರಡವ್ವ, ಓಗನ!"

ಅರಿಸಿನ ಸಾಗಿಸುವ ಅವನ ಗೂಡ್ಸ್ ಆಟೋ ಚಾಮರಾಜನಗರದ ರಸ್ತೆ ಹಿಡಿಯಿತು. ಮುಂದೆ ಒಂದರ ಹಿಂದೊಂದು ಟ್ರ್ಯಾಕ್ಟರ್. ಗಿರೀಶ ಹಾರ್ನ್ ಮೇಲಿಂದ ಕೈ ತೆಗೆಯಲೇ ಇಲ್ಲ.

"ಒತ್ತಾಯ್ತು ಮೇಡಂ, ಒಳೀಕೆ ಬುಡಾಕಿಲ್ಲ..." ಎಂದಳು ಭವ್ಯ. ಅವಳ ತಣ್ಣಗಿನ ಕೈ ಹಿಡಿದು ಗೌರಿ ಮನಸ್ಸಿನಲ್ಲೇ ಬೇಡಿಕೊಂಡಳು... ಮಾದಪ್ಪಾ, ನನ್ನ ಬದುಕು ಹೇಗಾದರೂ ಆಗಲಿ, ಈ ಮಗುವಿನದು ಉಳಿಸು!

ಅವರು ತಲುಪಿದಾಗ ಲ್ಯಾಬಿನ ಬಾಗಿಲು ಮುಚ್ಚುತ್ತಿದ್ದರು. ಗೌರಿ ಓಡಿಹೋಗಿ ಪರೀಕ್ಷಕರ ಎದುರು ನಿಂತಳು.

"ಇವಳ ತಪ್ಪಿಲ್ಲ ಸರ್! ದಯವಿಟ್ಟು..."

ಅವರು ಗಡಿಯಾರ ನೋಡಿದರು. ಅತ್ತು ಊದಿದ ಭವ್ಯಳ ಕಣ್ಣು ನೋಡಿದರು.

"ಹೋಗಮ್ಮ, ಬೇಗ!"

ಭವ್ಯ ಒಳಗೆ ಹೋದದ್ದೇ ತಡ, ಗೌರಿ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಅಷ್ಟು ಹೊತ್ತು ತಡೆದಿದ್ದ ಅಳು ಒಮ್ಮೆಲೇ ನುಗ್ಗಿತು. ದೂರ ನಿಂತಿದ್ದ ಗಿರೀಶ ಮೆಲ್ಲಗೆ ಬಂದು ಕೆಳಗಿನ ಮೆಟ್ಟಿಲಲ್ಲಿ ಕುಳಿತ.

"ಗೌರಿ... ಯಾರೋ ಅಂದಿದ್ನ ನಂಬಿಬುಟ್ಟೆ."

"ನಾನೂ ನಂಬಿದೆನಲ್ಲ..."

"ನಾನು ಮದ್ವೆ ಆಗ್ನಿಲ್ಲ. ಬ್ಯಾರೆ ಯಾರ್ನೂ ನೋಡಾಕೇ ಆಗ್ನಿಲ್ಲ ಕಣೆ."

ಅವಳು ಕಣ್ಣೊರೆಸಿಕೊಂಡಳು. "ನನಗೂ ಆಗಲಿಲ್ಲ."

"ನಿಮ್ಮೋರು ಈಗ್ಲೂ ಒಪ್ಪಾಕಿಲ್ಲ."

"ಗೊತ್ತು. ಈ ಸಲ ಯಾರು ಏನೇ ಅಂದ್ರೂ ಮೊದಲು ನನ್ನ ಹತ್ರ ಬಾ."

"ಬತ್ತೀನಿ. ಬಂದ್ರೆ ವಾಪಸ್ ಓಗಾಕಿಲ್ಲ ನಾನು."

"ಹೋಗೋಕೆ ನಾನು ಬಿಡ್ತೀನಾ?"