ಮುಚ್ಚಳದ ನಾಲ್ಕನೇ ಮೂಲೆ

ಇದನ್ನು ಬರೆಯುವ ಧೈರ್ಯ ಮಾಡಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಪ್ರೇಮ ಕಥೆ ಎಂದರೆ ಓದುವವರಿಗೆ ಹಿತವಾಗಿರಬೇಕು. ನನಗೆ ಬರೆದು ಅಭ್ಯಾಸವಿರುವುದು ಶಿಫ್ಟ್ ರಿಪೋರ್ಟ್ ಮಾತ್ರ. ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ ಮಾಡಿದವಳು ನಾನು. ಪ್ಲಾಸ್ಟಿಕ್ ಎಷ್ಟು ಬಿಸಿಗೆ ಕರಗುತ್ತದೆ ಎಂದು ಅಲ್ಲಿ ಕಲಿಸಿದರು. ಮನುಷ್ಯರ ವಿಷಯ ಸಿಲಬಸ್ಸಿನಲ್ಲಿ ಇರಲಿಲ್ಲ. ಈ ಕಥೆಯಲ್ಲಿ ನನ್ನ ತಪ್ಪೂ ಒಂದಿದೆ. ಬರಬೇಕಾದಲ್ಲಿ ಅದನ್ನೂ ಹೇಳುತ್ತೇನೆ.

ನಮ್ಮದು ಪ್ಲಾಸ್ಟಿಕ್ ಡಬ್ಬಿ, ಮುಚ್ಚಳ ಮಾಡುವ ಕಾರ್ಖಾನೆ. ಮೋಲ್ಡನ್ನು, ಎಂದರೆ ಉಕ್ಕಿನ ಅಚ್ಚನ್ನು, ಮೆಷಿನ್ನಿಗೆ ಏರಿಸಿ, ಬಿಸಿ, ಒತ್ತಡ ಎಲ್ಲ ಹೊಂದಿಸಿಕೊಡುವವರು ಸೆಟ್ಟರು. ನಾನು ಪ್ಯಾಕಿಂಗಿನಿಂದ ಬಂದು ಮೂರು ತಿಂಗಳು ಸೆಟ್ಟರ್ ಕೆಲಸಕ್ಕೆ ಟ್ರಯಲ್ ಮೇಲಿದ್ದೆ. ನನಗಿಂತ ಮುಂಚೆ ಆ ಕೆಲಸದಲ್ಲಿ ಹೆಂಗಸರು ಯಾರೂ ಇರಲಿಲ್ಲ. ಕೊನೆಯ ವಾರ ಮ್ಯಾನೇಜರ್ ಹೇಳಿದ್ದರು: "ಟೂಲ್ ರೂಮಿನಿಂದ ಚೌಕ ಮುಚ್ಚಳದ ಮೋಲ್ಡ್ ಬರುತ್ತೆ. ಅದನ್ನ ನೀನೊಬ್ಬಳೇ ಓಡಿಸು. ಓಡಿದ್ರೆ ಖಾಯಂ. ಇಲ್ಲಾಂದ್ರೆ ವಾಪಸ್ ಪ್ಯಾಕಿಂಗು."

ಟೂಲ್ ರೂಮಿನಲ್ಲಿ ಆ ಮೋಲ್ಡ್ ರಿಪೇರಿ ಮಾಡುತ್ತಿದ್ದವನೇ ಈ ಕಥೆಯ ಅವನು. ಭೂತಗನ್ನಡಿ ಹಿಡಿದು ಉಕ್ಕಿನ ಮೈ ಪರೀಕ್ಷಿಸುತ್ತಿದ್ದನೆಂದು ಎಲ್ಲರೂ ಅವನನ್ನು ಡಾಕ್ಟರ್ ಎನ್ನುತ್ತಿದ್ದರು. ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಳ್ಳುವ ನನ್ನನ್ನು ಅವನು ಟೀಚರಮ್ಮ ಎನ್ನುತ್ತಿದ್ದ. ಒಂದು ದಿನ ಟೂಲ್ ರೂಮಿನ ಬಾಗಿಲಿಗೆ ಹೋಗಿ ನಿಂತೆ.

"ಏನು ಟೀಚರಮ್ಮ, ಬಾಗಿಲಲ್ಲೇ ನಿಂತ್ರಿ? ಹಾಜರಿ ತಗೊಳ್ಳೋಕೆ ಬಂದ್ರಾ?"

"ಪೇಷಂಟ್ ಹೇಗಿದ್ದಾರೆ ಅಂತ ನೋಡೋಕೆ ಬಂದೆ, ಡಾಕ್ಟ್ರೇ."

"ಪೇಷಂಟ್ ಸುಖವಾಗಿದ್ದಾರೆ. ಡಾಕ್ಟರಿಗೇ ಸ್ವಲ್ಪ ಎದೆ ಡವಡವ."

ಹಾಗೆಂದು ಅವನು ಭೂತಗನ್ನಡಿಯನ್ನು ನನ್ನ ಕಡೆ ತಿರುಗಿಸಿದ. ಗಾಜಿನ ಹಿಂದೆ ಒಂದೇ ಒಂದು ದೊಡ್ಡ ಕಣ್ಣು, ರೆಪ್ಪೆಯ ಮೇಲೆ ಉಕ್ಕಿನ ಸಣ್ಣ ಪುಡಿ. ನನಗೆ ನಗು ತಡೆಯಲಾಗಲಿಲ್ಲ. ಅವನು ಕಣ್ಣು ಮಿಟುಕಿಸಲೂ ಇಲ್ಲ. ಆಮೇಲೆ ಮೋಲ್ಡಿನ ಕಡೆ ತಿರುಗಿದಾಗ ಅವನ ಕಿವಿ ಕೆಂಪಾಗಿತ್ತು. ಅಷ್ಟು ಸಾಕಾಯಿತು, ಆ ದಿನವೆಲ್ಲ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಮೋಲ್ಡ್ ಬಂತು. ಏರಿಸಿದೆ. ಮೊದಲ ಮುಚ್ಚಳ ಹೊರಬಿತ್ತು. ಮೂರು ಮೂಲೆ ಚೆನ್ನಾಗಿತ್ತು. ನಾಲ್ಕನೆಯದು ಇಲಿ ಕಡಿದ ಹಾಗೆ ಅರ್ಧಕ್ಕೇ ನಿಂತಿತ್ತು. ಇದಕ್ಕೆ ನಾವು ಶಾರ್ಟ್ ಶಾಟ್ ಎನ್ನುತ್ತೇವೆ. ಕರಗಿದ ಪ್ಲಾಸ್ಟಿಕ್ ಮೋಲ್ಡಿನ ಕೊನೆಯವರೆಗೆ ಹರಿಯದೆ ನಿಂತುಬಿಡುವುದು.

ಕಲಿತದ್ದನ್ನೆಲ್ಲ ಮಾಡಿದೆ. ಬಿಸಿ ಹತ್ತು ಡಿಗ್ರಿ ಏರಿಸಿದೆ. ತುಂಬುವ ವೇಗ ಹೆಚ್ಚಿಸಿದೆ. ಪ್ಲಾಸ್ಟಿಕ್ ಹೊರಬರುವ ನಾಜಲ್ ಬಿಚ್ಚಿ ನೋಡಿದೆ, ಏನೂ ಕಟ್ಟಿಕೊಂಡಿರಲಿಲ್ಲ. ಮೇಲಿನಿಂದ ಪ್ಲಾಸ್ಟಿಕ್ ಕಾಳು ಸರಿಯಾಗಿ ಬೀಳುತ್ತಿದೆಯೇ ಎಂದು ಏಣಿ ಹತ್ತಿ ನೋಡಿದೆ. ಒತ್ತಡ ಏರಿಸಿದಾಗ ಆ ಮೂಲೆ ತುಂಬಲಿಲ್ಲ, ಬದಲಿಗೆ ಅಂಚು ಕಂದಾಗಿ ಸುಟ್ಟ ವಾಸನೆ ಬಂತು.

ಸುಟ್ಟ ಗುರುತು ಬಂದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಪ್ಲಾಸ್ಟಿಕ್ ಒಳಗೆ ನುಗ್ಗುವಾಗ ಅಲ್ಲಿದ್ದ ಗಾಳಿ ಹೊರಹೋಗಬೇಕಲ್ಲ, ಅದಕ್ಕೆಂದು ಪ್ಲಾಸ್ಟಿಕ್ ಕೊನೆಗೆ ತಲುಪುವ ಮೂಲೆಯ ಅಂಚಿನಲ್ಲಿ ಕೂದಲಿಗಿಂತ ತೆಳುವಾದ ದಾರಿ ಕೊರೆದಿರುತ್ತಾರೆ. ಮೋಲ್ಡಿನ ಮುಖ ಉಜ್ಜಿ ರಿಪೇರಿ ಮಾಡಿದರೆ ಆ ದಾರಿ ಅಳಿಸಿಹೋಗುತ್ತದೆ. ಮತ್ತೆ ಕೊರೆಯಬೇಕು.

ಎರಡನೇ ದಿನ ಹೋಗಿ ಕೇಳಿದೆ. "ಗಾಳಿದಾರಿ ಕೊರೆದಿದ್ದೀರಾ?"

ಅವನು ನನ್ನನ್ನೇ ನೋಡಿದ. ಅದೇ ಬೆಚ್ಚಗಿನ ನೋಟ. "ಕೊರೆದಿದ್ದೀನಿ ಟೀಚರಮ್ಮ. ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

ನಾಚಿಕೆಯಾಯಿತು. ವಾಪಸು ಬಂದು ಪುಸ್ತಕದಲ್ಲಿ ಬರೆದೆ: ಗಾಳಿದಾರಿ ಸರಿಯಿದೆ. ಮೋಲ್ಡ್ ತೆರೆದು ಕಣ್ಣಾರೆ ನೋಡದೆ ನಾನು ಹಾಗೆ ಬರೆದದ್ದು ಅದೊಂದೇ ಸಲ. ನನ್ನ ತಪ್ಪು ಅದು.

ಮೂರನೇ ದಿನ ಬೆಳಿಗ್ಗೆ ಮ್ಯಾನೇಜರ್ ಗುಜರಿ ಬುಟ್ಟಿ ನೋಡಿ, "ಸಾಕಮ್ಮ, ನೀನು ಪ್ಯಾಕಿಂಗಿಗೆ ಹೋಗು" ಎಂದರು. "ಒಂದ್ಸಲ ತೊಳೆದು ಕೊಡ್ತೀನಿ ಸರ್" ಎಂದು ಅವನು ಮೋಲ್ಡನ್ನು ಒಂದು ಗಂಟೆ ಒಳಗೆ ಒಯ್ದ. ಮಧ್ಯಾಹ್ನ, ನಾವೆಲ್ಲ ಚಿಕ್ಕಪ್ಪ ಎನ್ನುವ ಹಿರಿಯ ಸೆಟ್ಟರು ಅದನ್ನು ಏರಿಸಿದರು. ನನ್ನ ಪುಸ್ತಕದ ಅಂಕಿಗಳನ್ನೇ ಹಾಕಿದರು. ಮೊದಲ ಹೊಡೆತಕ್ಕೇ ನಾಲ್ಕೂ ಮೂಲೆ ತುಂಬಿತು.

"ಏನಿಲ್ಲ ಮಗಳೇ, ಎಲ್ಲಾ ಕೈಗುಣ" ಎಂದರು ಚಿಕ್ಕಪ್ಪ. ಸುತ್ತ ನಿಂತಿದ್ದವರು ನಕ್ಕರು. ಅವನೂ ಅಲ್ಲೇ ಇದ್ದ. ನಗಲಿಲ್ಲ, ಮಾತೂ ಆಡಲಿಲ್ಲ.

ಆ ಸಂಜೆ ಬಸ್ ಸ್ಟಾಪಿನಲ್ಲಿ ಅವನು ಎರಡು ಕಪ್ ಚಹಾ ಹಿಡಿದು ಬಂದ. ಒಂದನ್ನು ನನಗೆ ಕೊಟ್ಟು, ಪಕ್ಕ ಕೂತು ನನ್ನ ಕೈ ಹಿಡಿದ. ಮೊದಲ ಸಲ. "ಬಿಡು, ಎಲ್ಲರಿಗೂ ಆಗುತ್ತೆ. ನಾನಿಲ್ವಾ ನಿನಗೆ?" ನೀವು ಹೋಗಿ ನೀನು ಆದದ್ದೂ ಅದೇ ಮೊದಲು. ಅವನ ಬೆರಳು ತಣ್ಣಗಿತ್ತು. ಕೆಲಸ ಹೋಯಿತು, ಇವನು ಸಿಕ್ಕ ಎಂದುಕೊಂಡೆ. ಅಂದು ಸಂಜೆ ನಾನು ಸುಖವಾಗಿದ್ದೆ ಎಂದು ಹೇಳಿಕೊಳ್ಳಲು ಈಗ ಸಂಕಟವಾಗುತ್ತದೆ.

ಮರುದಿನ ಪ್ಯಾಕಿಂಗಿನಲ್ಲಿ ಅದೇ ಮುಚ್ಚಳಗಳನ್ನು ಜೋಡಿಸುತ್ತಿದ್ದೆ. ನಾಲ್ಕನೇ ಮೂಲೆಯ ಅಂಚಿನುದ್ದಕ್ಕೂ ಉಗುರಿಗೆ ಏನೋ ತಗುಲಿತು. ಕಣ್ಣಿಗೆ ಕಾಣದಷ್ಟು ಸಣ್ಣ ಗೀರು. ಗಾಳಿದಾರಿ ಇದ್ದಲ್ಲಿ ಮಾತ್ರ ಆ ಗೀರು ಉಳಿಯುತ್ತದೆ. ಗೋಡೆಗೆ ನೇತುಹಾಕಿದ್ದ ರಿಪೇರಿಗೆ ಮುಂಚಿನ ಸ್ಯಾಂಪಲ್ ತೆಗೆದು ಉಗುರು ಆಡಿಸಿದೆ. ಗೀರು ಇತ್ತು. ಗುಜರಿ ಬುಟ್ಟಿಗೆ ಕೈ ಹಾಕಿ ನನ್ನ ಮುಚ್ಚಳಗಳನ್ನು ತೆಗೆದೆ. ಪ್ಲಾಸ್ಟಿಕ್ ನಿಂತುಹೋದ ಜಾಗದವರೆಗೂ ಅಂಚು ನುಣ್ಣಗಿತ್ತು. ಒಂದಲ್ಲ, ಹತ್ತು ತೆಗೆದು ನೋಡಿದೆ. ಮೊದಲು ನನ್ನ ಮೇಲೇ ಅನುಮಾನ ಪಡುವ ಸ್ವಭಾವ ನನ್ನದು.

ಟೂಲ್ ರೂಮಿಗೆ ಹೋಗಿ ಹಳೆಯ ಸ್ಯಾಂಪಲ್ಲು, ನನ್ನದು, ಚಿಕ್ಕಪ್ಪನದು, ಹೀಗೆ ಮೂರು ಮುಚ್ಚಳ ಅವನ ಮೇಜಿನ ಮೇಲಿಟ್ಟೆ. ಅವನು ಮುಟ್ಟಲಿಲ್ಲ.

"ಹೇಳಬೇಕು ಅಂತಲೇ ಇದ್ದೆ."

"ಯಾವಾಗ?"

"ನಿನ್ನೆ. ಬಸ್ ಸ್ಟಾಪಲ್ಲಿ."

"ಅಲ್ಲಿ ಕೈ ಹಿಡಿದ್ರಿ. ಹೇಳಲಿಲ್ಲ."

ಅವನು ತಲೆ ತಗ್ಗಿಸಿದ. "ಅವತ್ತು ನೀವು ಬಾಗಿಲಲ್ಲಿ ನಿಂತು ನಗ್ತಾ ಇದ್ರಿ. ಆಮೇಲೆ ನನಗೆ ಕೆಲಸದ ಮೇಲೆ ಗಮನವೇ ಇರಲಿಲ್ಲ. ಕೊರೆಯೋದು ಮರೆತುಹೋಯ್ತು. ದೇವರಾಣೆ, ಬೇಕು ಅಂತ ಮಾಡಿದ್ದಲ್ಲ."

"ಗೊತ್ತಾದದ್ದು ಯಾವಾಗ?"

"ಮೊದಲನೇ ದಿನ ಸಂಜೆ. ನಿನ್ನೆ ತೊಳೀತೀನಿ ಅಂತ ಒಯ್ದಾಗ ಕೊರೆದೆ."

ನಾನು ಕೇಳಿದ್ದು ಎರಡನೇ ದಿನ. ಮರೆವನ್ನು ನಾನು ಆಗಲೇ ಕ್ಷಮಿಸಿದ್ದೆ. ಆದರೆ ಅವನು ಆ ಬೆಚ್ಚಗಿನ ಕಣ್ಣಿನಿಂದಲೇ ನನ್ನನ್ನು ನೋಡುತ್ತಾ ಸುಳ್ಳು ಹೇಳಿದ್ದ. ನಾನು ಇಷ್ಟಪಟ್ಟದ್ದು ಆ ಕಣ್ಣನ್ನೇ.

"ಊಟದ ಬೆಲ್ ಆಗೋದರೊಳಗೆ ಮ್ಯಾನೇಜರ್ ಹತ್ತಿರ ನೀವೇ ಹೇಳಿ" ಎಂದೆ. "ನೀವು ಹೇಳಿದ್ರೆ ನಾನು ಎಲ್ಲಾ ಮರೀತೀನಿ."

"ಆಯ್ತು" ಎಂದ.

ಪ್ಯಾಕಿಂಗ್ ಮೇಜಿನಿಂದ ಆಫೀಸಿನ ಬಾಗಿಲು ಕಾಣುತ್ತದೆ. ಎರಡು ಗಂಟೆ ಕಾದೆ. ಯಾರ ನೆರಳು ಬಿದ್ದರೂ ಅವನೇ ಎನಿಸುತ್ತಿತ್ತು. ಬರಲಿ ಎಂದು ನಾನು ಎಷ್ಟು ಆಸೆಪಟ್ಟೆ ಎಂದರೆ, ಒಂದೇ ಡಬ್ಬಕ್ಕೆ ಎರಡು ಲೇಬಲ್ ಅಂಟಿಸಿದೆ. ಬೆಲ್ ಹೊಡೆಯಿತು. ಅವನು ಟೂಲ್ ರೂಮಿನಿಂದ ಹೊರಬಂದ, ಆಫೀಸಿನ ಕಡೆ ನೋಡಿದ, ಕೈ ತೊಳೆದುಕೊಂಡು ಊಟಕ್ಕೆ ಹೋದ.

ಕೊನೆಗೆ ನಾನೇ ಹೋದೆ.

ಮ್ಯಾನೇಜರ್ ಮುಚ್ಚಳಗಳ ಮೇಲೆ ತಾವೇ ಉಗುರು ಆಡಿಸಿ ನೋಡಿ, ಅವನನ್ನು ಕರೆಸಿದರು. "ಹೌದು ಸರ್" ಎಂದ, ನೆಲ ನೋಡುತ್ತಾ. "ಅಲ್ಲಯ್ಯಾ, ಮೊದಲನೇ ದಿನವೇ ಹೇಳಿದ್ರೆ ನಾನು ಬೈತಾನೂ ಇರಲಿಲ್ಲ. ಆ ಹುಡುಗಿಯ ಹೊಟ್ಟೆ ಮೇಲೆ ಯಾಕೆ ಹೊಡೆದೆ?" ನನಗೆ ಸೆಟ್ಟರ್ ಕೆಲಸ ಖಾಯಂ ಆಯಿತು. ನೋಡದೆ ಬರೆದ ಸಾಲನ್ನು ನಾನು ಅವರ ಮುಂದೆಯೇ ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಹಾಕಿದೆ.

ಅವನನ್ನು ಬೇರೆ ಊರಿನ ಘಟಕಕ್ಕೆ ಕಳಿಸಿದರು. ಹೋಗುವ ದಿನ ಗೇಟಿನ ಬಳಿ ನಿಂತಿದ್ದ.

"ನನ್ನನ್ನ ಮದುವೆ ಆಗ್ತೀರಾ ಅಂತ ಕೇಳಬೇಕು ಅಂತಿದ್ದೆ."

"ಕೇಳಿದ್ರೆ ಹೂಂ ಅಂತಿದ್ದೆ."

"ಈಗ?"

"ಈಗ ನೀವು ಏನು ಹೇಳಿದ್ರೂ ನಾನು ತೆರೆದು ನೋಡಬೇಕಾಗುತ್ತೆ. ಹಾಗೆ ಸಂಸಾರ ಮಾಡೋಕಾಗುತ್ತಾ?"

ಅವನು ಚೀಲ ಹೆಗಲಿಗೇರಿಸಿ, "ಹುಷಾರು" ಎಂದ. "ನೀವೂ" ಎಂದೆ.

ಮನೆಯಲ್ಲಿ ಅಕ್ಕ ಅಂದಳು: "ನಿನ್ನ ಮುಂದೆ ಸಣ್ಣವನಾಗ್ತೀನಿ ಅಂತ ಹೆದರಿರಬೇಕು ಕಣೇ, ಪಾಪ."

"ಎಲ್ಲರ ಮುಂದೆ ಸಣ್ಣವಳಾದದ್ದು ನಾನಲ್ವಾ ಅಕ್ಕ?"

ಅವಳು ನನ್ನ ತಲೆ ನೇವರಿಸಿದಳು. ನಾನು ಅತ್ತೆ. ಅವನಿಗಾಗಿಯೇ ಅತ್ತೆ, ಮುಚ್ಚಿಡುವುದೇಕೆ.

ನನ್ನ ನಗು ನೋಡಿ ಮೈಮರೆತೆ ಎಂದನಲ್ಲ, ಅದು ನಿಜವೋ, ಅಥವಾ ಸಿಕ್ಕಿಬಿದ್ದಾಗ ಕಟ್ಟಿದ ಚಂದದ ಮಾತೋ, ನನಗೆ ಗೊತ್ತಿಲ್ಲ. ಆ ದಿನ ಅವನ ಕಿವಿ ಕೆಂಪಾದದ್ದನ್ನು ಮಾತ್ರ ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕಿಂತ ಹೆಚ್ಚಿಗೆ ಬರೆಯಲು ನನ್ನ ಬಳಿ ಆಧಾರವಿಲ್ಲ.