ಸ್ಟೆಪ್ನಿಯ ಹೆಲ್ಮೆಟ್

ರೇಸ್ ಮೈದಾನದಲ್ಲಿ ಎಲ್ಲರೂ ಅವನನ್ನು ಸ್ಟೆಪ್ನಿ ಎನ್ನುತ್ತಿದ್ದರು. ಹೆಸರಿಟ್ಟವನು ಭಾವ, ಅಂದರೆ ಅಕ್ಕನ ಗಂಡ. ಸ್ಟೆಪ್ನಿಯನ್ನು ಕಾರಿನ ಹಿಂದೆ ಕಟ್ಟಿಕೊಂಡು ಹಳ್ಳ, ದಿಣ್ಣೆ, ಕಲ್ಲುಬಂಡೆ ಎಲ್ಲ ಸುತ್ತಿಸುತ್ತಾರೆ. ಇರುವ ಚಕ್ರ ಕೈಕೊಡುವವರೆಗೆ ನೆಲ ಮುಟ್ಟಲು ಬಿಡುವುದಿಲ್ಲ. ಅವನು ಭಾವನ ಕಾರಿಗೆ ಬದಲಿ ಚಾಲಕ. ಬೋಲ್ಟ್ ಬಿಗಿಯುವುದು, ಕೆಸರು ತೊಳೆಯುವುದು ಅವನು. ಕಪ್ ಎತ್ತಿ ಹಿಡಿಯುವುದು ಭಾವ. ಆ ಮನುಷ್ಯನಿಗೆ ಒಂದು ನೆಗಡಿಯಾದರೂ ಬರಬಾರದೇ? ಬರುತ್ತಿರಲಿಲ್ಲ. ಈಗ ಭಾವ ಇದೇ ಕೊನೆಯ ರೇಸ್, ಮುಗಿದ ಕೂಡಲೇ ಕಾರು ಮಾರಿಬಿಡುತ್ತೇನೆ ಎಂದು ಸಾರಿದ್ದ. ಅಂದರೆ ಸ್ಟೆಪ್ನಿ ಒಂದು ಸುತ್ತೂ ಉರುಳದೆ ನೇರ ಗುಜರಿಗೆ.

ಭಾವನನ್ನು ರೇಸಿನಿಂದ ತಪ್ಪಿಸುವುದು ಹೇಗೆಂದು ಅವನು ಬಹಳ ಯೋಚಿಸಿದ. ಸೀಟ್ ಬೆಲ್ಟ್ ಮುಟ್ಟುವ ಮಾತೇ ಇಲ್ಲ. ಹೆಚ್ಚುಕಮ್ಮಿಯಾದರೆ ಅಕ್ಕನ ಗತಿ? ಯಾರಿಗೂ ಒಂದು ಗೀರೂ ಬೀಳಬಾರದು. ಬೆಂಕಿ ಆರಿಸುವ ಸಿಲಿಂಡರ್ ಖಾಲಿ ಮಾಡಿದರೆ ಕಾರೇ ಹೊರಗೆ, ಜೊತೆಗೆ ತಾನೂ. ತಡೆಯಬೇಕಾದದ್ದು ಕಾರನ್ನಲ್ಲ, ಒಳಗೆ ಕೂರುವವನನ್ನು. ರೇಸಿಗೆ ಮುಂಚೆ ಚಾಲಕ ತೊಡುವುದನ್ನೆಲ್ಲ ತಪಾಸಣೆ ಮಾಡುತ್ತಾರೆ: ಬೆಂಕಿ ತಾಗದ ಉಡುಪು, ಕೈಗವಸು, ಕತ್ತಿನ ಪಟ್ಟಿ, ಹೆಲ್ಮೆಟ್. ಯಾವುದಾದರೊಂದರಲ್ಲಿ ಮಂಜೂರಾತಿಯ ಸ್ಟಿಕ್ಕರ್ ಇಲ್ಲದಿದ್ದರೆ ಚಾಲಕ ಹೊರಗೆ, ಬದಲಿ ಚಾಲಕ ಒಳಗೆ.

ತೊಡಕು ಒಂದೇ. ಮೈದಾನದ ಜನ ಟ್ರ್ಯಾಕಿನಲ್ಲಿ ಒಬ್ಬರನ್ನೊಬ್ಬರು ಗುದ್ದಿ ಕೆಡವುವವರಾದರೂ ಹೊರಗೆ ಕೇಳಿದ್ದನ್ನು ಬಿಚ್ಚಿ ಕೊಡುವವರು. ಉಡುಪು ಸಿಕ್ಕೀತು, ಕೈಗವಸು ಸಿಕ್ಕೀತು. ಹೆಲ್ಮೆಟ್ ಮಾತ್ರ ಸಿಗದು, ಏಕೆಂದರೆ ಭಾವನದು ಹೇಳಿ ಮಾಡಿಸಿದ ಹೆಲ್ಮೆಟ್. ಅಂಗಾತ ಇಟ್ಟರೆ ಅದರಲ್ಲಿ ಮಗುವನ್ನು ಮಲಗಿಸಬಹುದಿತ್ತು. ಖಾತ್ರಿ ಮಾಡಿಕೊಳ್ಳಲು ಅವನು ಡೇರೆ ಡೇರೆಗೂ ಹೋಗಿ ಎಲ್ಲರ ಹೆಲ್ಮೆಟ್ ಒರೆಸಿಕೊಟ್ಟ, ಒರೆಸುತ್ತಾ ಒಳಗಿನ ಅಳತೆ ಓದಿದ. ಅಷ್ಟು ದೊಡ್ಡದು ಇನ್ನೊಂದಿರಲಿಲ್ಲ. ಎಂಥ ಒಳ್ಳೆಯ ಹುಡುಗ ಎಂದು ಎಲ್ಲರೂ ಮೆಚ್ಚಿಕೊಂಡರು.

ರೇಸಿನ ಬೆಳಿಗ್ಗೆ ಭಾವ ಟೈರಿನ ಗಾಳಿ ನೋಡುತ್ತಿದ್ದಾಗ, ಅವನು ಬಿಸಿನೀರಿನ ಬಟ್ಟೆ ಒತ್ತಿ ಆ ದೊಡ್ಡ ಹೆಲ್ಮೆಟ್ಟಿನ ಸ್ಟಿಕ್ಕರ್ ಕಿತ್ತ. ಎಸೆಯಲು ಧೈರ್ಯ ಸಾಲಲಿಲ್ಲ. ಅಗಿದು ನುಂಗಿಬಿಟ್ಟ. ಅಂಟಿನ ರುಚಿ ಅಷ್ಟೇನೂ ಕೆಟ್ಟದಾಗಿರಲಿಲ್ಲ.

"ಸ್ಟಿಕ್ಕರ್ ಎಲ್ರೀ?" ಎಂದರು ತಪಾಸಣಾಧಿಕಾರಿ.

"ಇಲ್ಲೇ ಇತ್ತಲ್ಲ ಸಾರ್!" ಭಾವ ಹೆಲ್ಮೆಟ್ ತಲೆಕೆಳಗು ಮಾಡಿ ಕುಟ್ಟಿದ.

"ಇತ್ತು ಅಂದ್ರೆ ನಡೆಯಲ್ಲ. ಸ್ಟಿಕ್ಕರ್ ಇರೋದು ತನ್ನಿ. ಇಲ್ಲಾಂದ್ರೆ ನಿಮ್ಮ ಬದಲಿಯವರು ಓಡಿಸ್ಲಿ."

ಸಂಶಯ ಬಾರದಂತೆ ತಾನೇ ಮೊದಲು ಮುಂದೆ ಬರಬೇಕೆಂದು ಅವನು ಮೊದಲೇ ನಿರ್ಧರಿಸಿದ್ದ. ಧೂಳನ್ನೇ ಕಾಣದ ತನ್ನ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಸುತ್ತಲಿನವರಿಗೆಲ್ಲ ಕೇಳುವಂತೆ ಹೇಳಿದ: "ತಗೊಳ್ಳಿ ಭಾವ, ನಂದು ಬೇರೆ ನಿಮ್ದು ಬೇರೆನಾ? ಹಿಡಿಸಿದ್ರೆ ಇದನ್ನೇ ಹಾಕ್ಕೊಂಡು ಓಡ್ಸಿ. ನಾನು ಕೂತು ಚಪ್ಪಾಳೆ ಹೊಡೀತೀನಿ."

ಹೆಲ್ಮೆಟ್ ಭಾವನ ನೆತ್ತಿಯ ಮೇಲೆ ಕೊಡದ ಮೇಲಿಟ್ಟ ಲೋಟದಂತೆ ಕುಳಿತಿತು. ಜನ ಬಿದ್ದು ಬಿದ್ದು ನಕ್ಕರು. ಬೇರೆಯವರು ತಂದವೂ ಇಳಿಯಲಿಲ್ಲ. ತಂದವರು ತಮ್ಮ ತಮ್ಮ ಕಾರುಗಳಿಗೆ ಹೊರಟುಹೋದರು.

"ಪಾಪ, ಸ್ಟೆಪ್ನಿ ಕಣ್ಣಲ್ಲಿ ನೀರು ನೋಡ್ರೋ," ಎಂದ ಪಕ್ಕದ ಡೇರೆಯ ಮೆಕ್ಯಾನಿಕ್. ನೀರು ನಿಜವಾದದ್ದೇ. ಅವನು ಉಡುಪಿನ ಜಿಪ್ಪನ್ನು ಕತ್ತಿನವರೆಗೆ ಎಳೆದುಕೊಂಡು ಕಾರಿನ ಕಡೆ ಒಂದು ಹೆಜ್ಜೆ ಇಟ್ಟ.

ಆಗ ಬಂದಳು ಅಕ್ಕ. ವಿಷಯ ಕೇಳಿದಳು, ತಮ್ಮನ ಕಣ್ಣೀರು ನೋಡಿದಳು, ಕರಗಿದಳು. "ಇಷ್ಟಕ್ಕೆಲ್ಲ ಅಳ್ತಾರೇನೋ ಪೆದ್ದು?" ಎಂದು ಆಂಬ್ಯುಲೆನ್ಸಿನ ನರ್ಸಮ್ಮನ ಹತ್ತಿರ ಹೋಗಿ, ತಲೆಗೆ ಗಾಯವಾದವರ ಕೂದಲು ಬೋಳಿಸುವ ಮಿಷನ್ ಇಸಿದುಕೊಂಡು ಬಂದಳು. "ಏ ಬೇಡ ಕಣೆ!" ಎಂದ ಭಾವ. "ಕಪ್ ಬೇಕೋ, ಕ್ರಾಪ್ ಬೇಕೋ?" ಎಂದಳು. ಭಾವ ತಲೆ ಬಗ್ಗಿಸಿದ. ದಟ್ಟ ಗುಂಗುರು ಕಂತೆಕಂತೆಯಾಗಿ ನೆಲಕ್ಕೆ ಬಿತ್ತು. ಸ್ಟೆಪ್ನಿಯ ಹೆಲ್ಮೆಟ್ ಸಲೀಸಾಗಿ ಇಳಿದು ಎರಡೂ ಕೆನ್ನೆಗೆ ಬಿಗಿಯಾಗಿ ಕೂತಿತು. ಅಧಿಕಾರಿ ಅಲ್ಲಾಡಿಸಿ ನೋಡಿ, "ಎಂಥ ಬಾಮೈದ ರೀ ನಿಮಗೆ!" ಎಂದು ಗೇಟು ತೆಗೆಸಿದರು. ಎಂಜಿನ್ ಗುಡುಗಿತು. ಅಕ್ಕ ಮೈಮೇಲಿನ ಕೂದಲು ಕೊಡವಿಕೊಳ್ಳುತ್ತಾ ತಮ್ಮನ ಬೆನ್ನು ಸವರಿದಳು. "ಮದುವೆಯಾದಾಗಿಂದ ಆ ತಲೆ ಒರೆಸ್ತಿರೋಳು ನಾನು. ನೆಂದಾಗ ನೋಡ್ಬೇಕು, ಇಷ್ಟೇ ಇಷ್ಟು. ನಿಮ್ಮ ಭಾವಂದು ತಲೆ ದೊಡ್ಡದಲ್ಲ ಕಣೋ, ಬರೀ ಕೂದಲು."