ಹೂಗ್ಯಂ ರಸ್ತೆಗೆ ಟಾರು ಬಿತ್ತೇ?

"ಒಬ್ಬಳೇ ಆಗೋದೆ ಅನ್ನಿಸ್ತದೆ ಕಣ್ಲಾ" ಎಂದು ಮೊಬೈಲಿನಲ್ಲಿ ಬರೆದು ನಾಗಶ್ರೀ ಕಳುಹಿಸಿದಳು.

ನೀಲಿ ಗೆರೆಗಳೆರಡು ಮೂಡಿದವು. ಯಳಂದೂರಿನಲ್ಲಿ ಗುರುಪ್ರಕಾಶನು ಅದನ್ನು ಓದಿದ್ದನು. ಉತ್ತರವೂ ಬಂದಿತು.

"ಹನೂರಿಂದ ನಿಮ್ಮೂರಿಗೆ ಟಾರ್ ಬಿತ್ತಾ ಅಮ್ಮಿ?"

ಅವಳು ಅದನ್ನು ಮತ್ತೊಮ್ಮೆ ಓದಿಕೊಂಡಳು. ಹೂಗ್ಯಂನ ಆ ಮನೆಯಲ್ಲಿ ಸಿಗ್ನಲ್ ದೊರೆಯುತ್ತಿದ್ದುದು ಹಿತ್ತಲಿನ ನೀರಿನ ತೊಟ್ಟಿಯ ಬಳಿ ಮಾತ್ರ. ಶಾಲೆಯಲ್ಲಿ ಪಾಠ ಹೇಳಿ ಬಂದವಳು ದಿನವೂ ಸಂಜೆ ಅದರ ಕಟ್ಟೆಯ ಮೇಲೆ ಕುಳಿತುಕೊಳ್ಳುವಳು. ಕೊಳ್ಳೇಗಾಲದ ಕಾಲೇಜಿನ ಗೆಳತಿಯರೆಲ್ಲ ಮದುವೆಯಾಗಿ ಚದುರಿದ್ದರು. ತನ್ನ ತಂದೆಯ ಗೊಬ್ಬರದ ಅಂಗಡಿಯಲ್ಲಿ ಕುಳಿತ ಈ ಒಬ್ಬ ಸಹಪಾಠಿ ಉಳಿದಿದ್ದನು. ಅವನಾದರೋ, ಈಚೆಗೆ ಅವಳು ಮನಸ್ಸು ತೆರೆದಾಗಲೆಲ್ಲ ರಸ್ತೆಯ ಮಾತನ್ನೇ ತೆಗೆಯುತ್ತಿದ್ದನು.

"ಒಂಟಿತನಕ್ಕೂ ಟಾರ್‌ಗೂ ಏನ್ಲಾ ಸಂಬಂಧ?"

"ಐತೆ. ಜಲ್ಲಿ ಹರಡವ್ರಾ, ಇಲ್ಲಾ ಬರೀ ಅಗೆದು ಬುಟ್ಟವ್ರಾ ಯೋಳು."

"ನೀನೇನು ಕಂಟ್ರಾಕ್ಟ್ರಾ?"

"ಆಗಿದ್ರೆ ಓದ ತಿಂಗಳೇ ಮುಗಿಸ್ಬುಡ್ತಿದ್ದೆ."

ನಕ್ಕಳು, ನಕ್ಕಿದ್ದಕ್ಕೆ ತನ್ನ ಮೇಲೆಯೇ ಮುನಿದಳು. ಕೊನೆಗೆ, ಬಚ್ಚಿಟ್ಟುಕೊಂಡಿದ್ದ ಮಾತನ್ನು ಬರೆದಳು.

"ಸೋಮವಾರ ಸತ್ತೇಗಾಲದೋರು ನನ್ನ ನೋಡಕ್ಕೆ ಬತ್ತಾವ್ರೆ. ಅವ್ವ ಊಂ ಅನ್ನು ಅಂತವ್ಳೆ."

ಈಗಲಾದರೂ ಅವನು ಬೇಡವೆನ್ನುವನೇ? 'ಟೈಪಿಂಗ್' ಎಂದು ಮೂಡಿತು, ಅಳಿಯಿತು, ಮತ್ತೆ ಮೂಡಿತು.

"ಆ ರೋಡಲ್ಲಿ ಕಾರ್ ಬರಲ್ವಲ್ಲ?"

ಅವಳ ಕಣ್ಣುಗಳು ತುಂಬಿಬಂದವು. "ಅಗೆದಿರೋ ತಾವ ನಿಲ್ಸಿ ನಡ್ಕಂಡ್ ಬತ್ತಾರಂತೆ. ಬೇಕು ಅನ್ನೋರು ನಡೀತಾರೆ."



"ಅಪ್ಪನ ಕೈಲಿ ನಡಿಯಕ್ಕಾಗಲ್ಲ ಅಮ್ಮಿ. ಬೆನ್ನು ಆಪರೇಷನ್ ಆಗೈತೆ. ಗುಂಡಿ ರೋಡಲ್ಲಿ ಕಾರೂ ಅತ್ತಂಗಿಲ್ಲ ಅಂದವ್ರೆ ಡಾಕ್ಟ್ರು."

"ನಿಮ್ಮಪ್ಪ ನಮ್ಮೂರಿಗ್ಯಾಕೆ ಬರ್ಬೇಕು?"

"ಅದ್ನ ಅಪ್ಪನೇ ಯೋಳ್ಬೇಕು. ನಾನು ಯೋಳಂಗಿಲ್ಲ."

ನಾಗಶ್ರೀ ಮೊಬೈಲನ್ನು ಎದೆಗೊತ್ತಿಕೊಂಡು ಕುಳಿತಳು. ಹೆಣ್ಣನ್ನು ಕೇಳಬೇಕಾದವರು ಹಿರಿಯರು. ಹೆಣ್ಣಿನವರ ಜಗುಲಿಯ ಮೇಲೆ ಕುಳಿತು, ಎಲೆ ಅಡಿಕೆ ಮುಂದಿಟ್ಟು ಕೇಳಬೇಕು. ಅಲ್ಲಿಯವರೆಗೆ ಹುಡುಗನಾದವನು ಬಾಯಿ ಬಿಡಬಾರದು. ಅವರ ಮನೆಯ ಪದ್ಧತಿಯನ್ನು ಅವನೇ ಒಮ್ಮೆ ನಗುತ್ತ ಹೇಳಿದ್ದನು. ಹಾಗಾದರೆ ಇಷ್ಟು ದಿನ ಆ ರಸ್ತೆಯ ವಿಷಯ ಕೇಳುತ್ತಿದ್ದುದು ಇದಕ್ಕೆಯೇ? ನಂಬುವುದೋ, ಬಿಡುವುದೋ ತಿಳಿಯದೆ ಅವಳು ಮತ್ತೆ ಬರೆದಳು.

"ಅವ್ರು ಫೋನಲ್ಲೇ ಕೇಳ್ಬೋದಿತ್ತಲ್ಲ?"

"ಎಣ್ಮಗಳೇನು ಗೊಬ್ಬರದ ಮೂಟೆಯಾ, ಫೋನಲ್ಲಿ ಆರ್ಡರ್ ಮಾಡಕ್ಕೆ, ಅಂತಾರೆ."

"ಅವ್ರದ್ದು ಬುಡು. ನಿಂಗೆ?"

"ಯೋಳಂಗಿಲ್ಲ ಅಂದ್ನಲ್ಲ." ಅದರ ಹಿಂದೆಯೇ ಇನ್ನೊಂದು ಸಾಲು ಬಂದಿತು. "ಸೋಮವಾರ ಮಾತ್ರ ಊಂ ಅನ್ಬೇಡ."

ತಾಯಿ ಚನ್ನಮಲ್ಲಮ್ಮ ಒಲೆಯ ಮುಂದಿದ್ದಳು.

"ಅವ್ವಾ, ಗುರೂನ ಅಪ್ಪಂಗೆ ಬೆನ್ನು ಆಪರೇಷನ್ ಆಗೈತಂತೆ. ನಾಳೆ ಭಾನುವಾರ, ಯಳಂದೂರ್ಗೋಗಿ ನೋಡ್ಕಂಡ್ ಬರಾಣ."

"ಕರೀದೆಯಾ?"

"ಕಾಯಿಲೆಯೋರ್ನ ನೋಡಕ್ಕೆ ಯಾರು ಕರೀತಾರವ್ವ?"

ಚನ್ನಮಲ್ಲಮ್ಮ ಮಗಳ ಮುಖವನ್ನೇ ದಿಟ್ಟಿಸಿದಳು. ಉರಿಯನ್ನು ತಗ್ಗಿಸಿ, "ಆ ನೀಲಿ ಸೀರೆ ಉಟ್ಕೊ" ಎಂದಳು.

ಮರುದಿನ ರಸ್ತೆ ಅಗೆದಿದ್ದಷ್ಟು ದೂರ ನಡೆದು, ಅಲ್ಲಿಂದ ಗುಂಡಿಗಳಲ್ಲಿ ಕುಲುಕಾಡುವ ಬಸ್ಸಿನಲ್ಲಿ ಹನೂರು, ಕೊಳ್ಳೇಗಾಲಗಳನ್ನು ದಾಟಿ, ಬ್ರೆಡ್ಡು ಮೂಸಂಬಿಗಳ ಚೀಲದೊಡನೆ ತಾಯಿ ಮಗಳು ಯಳಂದೂರಿನ ಆ ಮನೆಯನ್ನು ಹೊಕ್ಕರು. ಬಾಗಿಲಲ್ಲಿ ಎದುರಾದ ಗುರುಪ್ರಕಾಶನ ನೋಟ ಅವಳ ಸೀರೆಯ ಅಂಚಿನಿಂದ ಮುಖಕ್ಕೇರಿತು. ಅಲ್ಲಿ ನಿಲ್ಲಲಾರದೆ ಮೂಸಂಬಿಯ ಚೀಲದ ಮೇಲೆ ಬಿದ್ದಿತು. "ಬಾ" ಎನ್ನುವುದನ್ನೂ ಅವನು ಮರೆತಿದ್ದನು.

"ಹೆಂಗಿದ್ದೀರಿ ಸ್ವಾಮ್ಯೋರೇ?" ಎಂದು ನಾಗಶ್ರೀ ಮಂಚದಲ್ಲಿ ಒರಗಿದ್ದ ಅವನ ತಂದೆ ಶಿವರುದ್ರಸ್ವಾಮಿಯವರನ್ನು ಕೇಳಿದಳು.

ಅವರು ತಬ್ಬಿಬ್ಬಾದರು. "ನಾನ್ ಬರ್ಬೇಕಿತ್ತು, ನೀವೇ ಬಂದ್ಬುಟ್ರಲ್ಲ. ಎಣ್ಣಿನೋರು ಮೊದ್ಲು ಬರಬಾರ್ದು."

"ನಾವ್ ಬಂದಿರೋದು ನಿಮ್ಮ ಬೆನ್ನು ನೋಡಕ್ಕೆ," ಎಂದಳು ಚನ್ನಮಲ್ಲಮ್ಮ. "ಬ್ಯಾರೆ ಮಾತು ನಾವ್ ಎತ್ನಿಲ್ಲ."

ಶಿವರುದ್ರಸ್ವಾಮಿಯವರು ಸೂರನ್ನು ನೋಡುತ್ತ ಆಲೋಚಿಸಿದರು. "ಎತ್ನಿಲ್ಲ. ಅಂಗಾರೆ ಮೊದ್ಲು ಎತ್ತೋನು ನಾನೇ ಆಯ್ತೀನಿ. ವೀರಮ್ಮ, ಎಲೆ ತಟ್ಟೆ ತತ್ತಾ."

ಪತ್ನಿ ತಂದ ತಟ್ಟೆಯನ್ನು ಮುಂದಕ್ಕೆ ಸರಿಸಿ, "ನಿಮ್ಮ ಮಗಳ್ನ ನಮ್ಮ ಮನೆಗೆ ಕೊಡ್ತೀರಾ ತಾಯಿ?" ಎಂದರು.

"ಅವಳ್ನೇ ಕೇಳಿ."

ಎಲ್ಲರೂ ನಾಗಶ್ರೀಯ ಕಡೆಗೆ ತಿರುಗಿದರು. ಅವಳು ಎದ್ದು ಮಂಚದ ಬಳಿಗೆ ಹೋಗಿ, ಅವರ ಬೆನ್ನಿನಿಂದ ಜಾರಿದ್ದ ದಿಂಬಿಗೆ ಕೈಹಚ್ಚಿದಳು.

"ಇದ್ನ ಇನ್ನೊಂಚೂರು ಮೇಲಕ್ಕೆ ಕೊಡ್ಲಾ, ಮಾವ?"

ಶಿವರುದ್ರಸ್ವಾಮಿಯವರು ಕಣ್ಣು ಮುಚ್ಚಿ ತಲೆಯಾಡಿಸಿದರು. ಚನ್ನಮಲ್ಲಮ್ಮ ತಟ್ಟೆಯಿಂದ ಎಲೆಯನ್ನು ಕೈಗೆತ್ತಿಕೊಂಡಳು.

ಗುರುಪ್ರಕಾಶನು ಬಾಗಿಲಿಗೊರಗಿ ಚಡಪಡಿಸಿದನು. "ದಿಂಬು ಇರ್ಲಿ ಅಮ್ಮಿ, ಅಪ್ಪ ಕೇಳಿದ್ಕೆ ಉತ್ರ ಯೋಳು."

"ಯೋಳಾಯ್ತು ಕಣ್ಲಾ ದಡ್ಡ," ಎಂದಳು ವೀರಮ್ಮ.

"ಯಾವಾಗ?"

ನಾಗಶ್ರೀ ದಿಂಬನ್ನು ತಟ್ಟಿ ಸರಿಪಡಿಸುತ್ತ, ಓರೆಗಣ್ಣಿನಿಂದ ಅವನನ್ನು ನೋಡಿ, ಮೂಸಂಬಿ ಬಿಡಿಸಲು ಕುಳಿತಳು.